ತಪ್ಪು–ಒಪ್ಪು

ಮೂವತ್ತೆಂಟು ವರ್ಷ ಗದಗಿನ ಪ್ರೆಸ್ಸಿನಾಗ
ಮೊಳಿ ಜೋಡಿಸಿದಾವ ನಾನು,
ಉಲ್ಟಾ ಕನ್ನಡ ಬೆರಳಿಲೇ ಓದಿದಾವ.
ಲಗ್ನಪತ್ರಿಕಿ, ಪರೀಕ್ಷಾ ಪೇಪರು, ತೀರಿಹೋದವರ ಕಾರ್ಡು.
ಒಮ್ಮೆ ಒಬ್ಬ ಮಾಸ್ತರರ ‘ನನ್ನ ಕತೆ’
ಒಂದು ಒತ್ತು ಹೆಚ್ಚಾಗಿ ‘ನನ್ನ ಕತ್ತೆ’ ಆಗಿ
ಐನೂರು ಪ್ರತಿ ಹೊರಬಿತ್ತು.
ನಗಬ್ಯಾಡ್ರಿ. ಆ ತಿಂಗಳ ಪಗಾರ ಮುರದ್ರು ಸಾಹುಕಾರ್ರು.

ಈಗ ಹುಬ್ಬಳ್ಳಿ ದವಾಖಾನಿ, ಮೂರನೇ ಮಾಳಿಗಿ.
ನನ್ನ ಮುಂದ ನನ್ನದಽ ಪ್ರೂಫು.

ಡಾಕ್ಟರ್ ತಹಸೀನ್ ಹಂಚಿನಾಳ, ಮೊಮ್ಮಗಳ ವಯಸ್ಸು,
ಪೆನ್ನಿನ ತುದಿ ಇಟ್ಟು ತೋರಿಸಿದ್ಲು:
“ಅಜ್ಜಾರ, ಇಲ್ಲಿ ಜಿ ಇರಬೇಕಿತ್ತು, ಎ ಐತಿ.
ಅಪ್ಪನ ಕಡಿಂದ ಬಂದದ್ರಾಗೂ, ಅವ್ವನ ಕಡಿಂದ ಬಂದದ್ರಾಗೂ.”
ಅಷ್ಟಽ.
ಮುನ್ನೂರು ಕೋಟಿ ಅಕ್ಷರದಾಗ ಒಂದು ಮೊಳಿ.

ಎದ್ಯಾಗ ಸ್ಪ್ರಿಂಗ್ ಕೂಡಿಸಿದ ಮ್ಯಾಲ
ರಕ್ತ ಗಡ್ಡಿಗಟ್ಟಬಾರದಂತ ಕೊಡೋ ಗುಳಿಗಿ
ಹೊಟ್ಟಿಗೆ ಬರೂದು ಮುಚ್ಚಿದ ಲಕೋಟಿ ಆಗಿ.
ಲಿವರು ಒಡದು ಓದಬೇಕಂತ.
ನನ್ನ ಲಿವರಿಗೆ ಒಡಿಯಾಕ ಬರೂದಿಲ್ಲ.
ಹದಿನಾಲ್ಕು ತಿಂಗಳು, ದಿನಾ ಮುಂಜಾನೆ, ಚಾಕ್ಕಿಂತ ಮೊದಲ,
ಯಾರೂ ಓದದ ಪತ್ರ ನುಂಗೇನಿ.
ಆಮ್ಯಾಲ ಬೆಟಗೇರಿ ಬಸ್ಸಿನಾಗ ಮತ್ತ ಅದಽ ನೋವು,
ಎಡಗೈ ತನಕ.

“ತಪ್ಪು ಬಿದ್ದೈತಿ ಅನ್ರಿ,” ಅಂದೆ.
“ತಪ್ಪಂತ ಯಾಕ? ನಮ್ಮ ಮಂದ್ಯಾಗ ಭಾಳ ಜನಕ್ಕ ಹಿಂಗಽ ಇರತೈತಿ.
ಗುಳಿಗಿ ಮಾಡಿದವರು ಬ್ಯಾರೆ ಪ್ರತಿ ಓದಿದ್ರು.”
ಪಾಠಾಂತರ, ಅಂದೆ ನಾನು.
ತಾಳೆಗರಿ ಕಾವ್ಯ ಅಚ್ಚಿಗೆ ಬಂದಾಗ
ಅಡಿಟಿಪ್ಪಣಿಗೆ ಸಣ್ಣ ಮೊಳಿ ಹುಡುಕ್ತಿದ್ದೆ:
ಕ ಪ್ರತಿಯಲ್ಲಿ ಹೀಗೆ, ಗ ಪ್ರತಿಯಲ್ಲಿ ಹಾಗೆ.
ಆಕಿಗೆ ಆ ಶಬ್ದ ಹಿಡಿಸ್ತು. ಚೀಟಿ ಹಿಂದ ಬರಕೊಂಡ್ಲು.
ಚೀಟಿ ಮುಂದ ಹೊಸಾ ಗುಳಿಗಿ:
ದಿನಕ್ಕೆರಡು, ತುಸು ದಮ್ಮು ಬರತೈತಿ, ರೊಕ್ಕ ಹೆಚ್ಚು.

ಇಷ್ಟಽ ಆಗಿದ್ರ ಬರೀತಿರಲಿಲ್ಲ.

ತಮ್ಮ ಈರಬಸು. ಆರು ವರ್ಷದ ಹಿಂದ
ಅದಽ ಸ್ಪ್ರಿಂಗು, ಅದಽ ಗುಳಿಗಿ.
ಮತ್ತ ನೋವು ಬಂದು ಒಳಗ ಒಯ್ಯುವಾಗ ಕೇಳಿದ್ರು:
“ಗುಳಿಗಿ ತಪ್ಪಿಸ್ಯಾನೇನು?”
ಅವ ಸ್ಟ್ರೆಚರಿನ ಮ್ಯಾಲ ತಲಿ ಅಲ್ಲಾಡಿಸಿದ.
ನಾನು ಅಂದೆ, “ತಪ್ಪಿಸಿರತಾನ ಸಾಹೇಬ್ರ,
ಸಣ್ಣಂದಿನಿಂದ ಹಂಗಽ ಅವ.”
ಅವ ಕೇಳುವಂಗ ನಾನಾಡಿದ ಕಡೀ ಮಾತು ಅದು.

ತಿಂಗಳ ಮ್ಯಾಲ ಅವನ ಹೇಂತಿ ನೀಲಗಂಗಾ
ಬಿಸ್ಕೀಟ್ ಡಬ್ಬಿ ತಂದು ನನ್ನ ಮುಂದ ಸುರುವಿದ್ಲು.
ಖಾಲಿ ಪಟ್ಟಿ. ಒಂದೊಂದರ ಮ್ಯಾಲ ತಾರೀಖು,
ಅವನ ಸೊಟ್ಟ ಅಕ್ಷರದಾಗ.
“ಎಣಸ್ರಿ ಭಾವಾರ.”
ಎಣಸಲಿಲ್ಲ.
ಗುಳಿಗಿ ಗಟಾರಕ್ಕ ಒಗದು ಪಟ್ಟಿ ಇಟ್ಟಾನ, ಅಂದ್ಕೊಂಡೆ.

“ಅವನಿಗೂ ಇದಽ ಇತ್ತೇನವಾ?”
ಡಾಕ್ಟರು ಪೆನ್ನು ಮುಚ್ಚಿದ್ಲು, ಮತ್ತ ತೆಗದ್ಲು.
“ಕಡಿಮಿ ಅಂದ್ರ ನಾಲ್ಕರಾಗ ಒಂದು ಪಾಲು.
ರಕ್ತ ಇಲ್ಲದ ಹೇಳಾಕ ಬರೂದಿಲ್ಲ.
ಅವರ ಮಗಾ ಇದ್ದಾನಲ್ಲ, ಅವನ ಎದಿ ಯಾವಾಗರೆ ನೊಂದ್ರ
ಈ ಕಾಗದ ತೋರಿಸಾಕ ಹೇಳ್ರಿ.”

ಪ್ರೂಫಿನಾಗ ತಪ್ಪು ಸಿಕ್ರ ಮೊಳಿ ಬದಲಿಸಬಹುದು.
ಹೊಲಿಗಿ ಬಿದ್ದ ಪುಸ್ತಕಕ್ಕ ಒಂದು ಚೀಟಿ ಅಂಟಸ್ತಿದ್ವಿ:
ತಪ್ಪು, ಒಪ್ಪು, ಎರಡು ಕಾಲಮ್ಮು.
ಪ್ರೆಸ್ಸು ಗುಜರಿಗೆ ಹೋದಾಗ ಒಂದು ಖಾನಿ ಮೊಳಿ ತಂದಿಟ್ಟಿದ್ದೆ.
ನಿನ್ನೆ ರಾತ್ರಿ ಜೋಡಿಸಿದೆ, ಕೈಯಿಂದಽ ಒತ್ತಿದೆ.

ತಪ್ಪು: ತಪ್ಪಿಸಿರತಾನ.
ಒಪ್ಪು:

ಖಾನ್ಯಾಗ ಅಕ್ಷರ ಸಿಗದಿದ್ರ
ಬ್ಯಾರೆ ಮೊಳಿ ತಲೆಕೆಳಗ ಮಾಡಿ ನಿಲ್ಲಸ್ತಿದ್ವಿ,
ಜಾಗಾ ಇರಲಿ ಅಂತ. ಅದು ಕರೀ ಗುರುತಾಗಿ ಮೂಡತಿತ್ತು.
ಹಂಗಽ ಮಾಡೇನಿ.

ನೀಲಗಂಗಾ ಚೀಟಿ ಬೆಳಕಿಗೆ ಹಿಡದ್ಲು.
“ಇಲ್ಲಿ ಕರ್ರಗ ಏನೈತ್ರಿ ಭಾವಾರ?”
“ಅಕ್ಷರ ಸಿಗಲಿಲ್ಲವಾ.”
ಒಂದಿಷ್ಟು ಹೊತ್ತು ನನ್ನ ನೋಡಿ,
ಒಳಗ ಹೋಗಿ ಬಿಸ್ಕೀಟ್ ಡಬ್ಬಿ ತಗದ್ಲು.
ಮುಚ್ಚಳ ಬಿಗಿಯಾಗಿತ್ತು. ತಗಿಯಾಕ ನಾನೂ ಕೈ ಹಚ್ಚಿದೆ.