ಹದಿನಾಲ್ಕನೇ ಪ್ಯಾರಾ

ಹಾಸನದ ಕೋರ್ಟಿನ ಎದುರು, ನನ್ನ ಟೈಪಿಂಗ್ ಅಂಗಡಿಗೆ
ಇನಾಯತ್ ತಂದದ್ದು ಇಪ್ಪತ್ತೆರಡು ಹಾಳೆ.
"ಪೇಟೆಂಟು ಯಾಕೆ ಬೇಡ ಅಂದ್ರು ಚೆನ್ನೈಯೋರು
ಕನ್ನಡದಲ್ಲಿ ಓದಿ ಹೇಳಕ್ಕ."
ಮೇಲ್ಮನವಿಗೆ ಇದ್ದದ್ದು ಮೂರು ತಿಂಗಳು.
ಎರಡು ಆಗಲೇ ಕರಗಿದ್ದವು.

ಕ್ರಯಪತ್ರ, ವಿಲ್ಲು, ಬಾಡಿಗೆ ಕರಾರು
ಬಡಿದೂ ಬಡಿದೂ ಸವೆದ ಬೆರಳು ನನ್ನವು.
ಇಂಥದು ಬಂದಿರಲಿಲ್ಲ.

ಅವನು ಮಾಡಿದ್ದಿಷ್ಟು:
ಮೀನು ತರಲು ಹೋಗುವ ವ್ಯಾನು
ಶಿರಾಡಿಯನ್ನು ಖಾಲಿ ಇಳಿಯುತ್ತದೆ.
ಬ್ರೇಕಿನಲ್ಲಿ ಸುಮ್ಮನೆ ಸುಟ್ಟುಹೋಗುವ ಆ ಇಳಿಜಾರನ್ನು
ಚಕ್ರದಿಂದ ಕಂಪ್ರೆಸರಿಗೆ ದಾಟಿಸಿ
ಗೋಡೆಯೊಳಗಿನ ಉಪ್ಪುನೀರಿನಲ್ಲಿ
ಹೆಪ್ಪುಗಟ್ಟಿಸಿ ಇಟ್ಟುಕೊಂಡ.
ವಾಪಸ್ ಬರುವಾಗ ಮಾರನಹಳ್ಳಿಯಲ್ಲಿ ಲಾರಿ ಮಗುಚಲಿ,
ಬೆಳಗಿನವರೆಗೆ ಇಂಜಿನ್ ಆರಿಸಿ ಕೂರಲಿ,
ಮೀನಿಗೆ ಸುದ್ದಿ ಮುಟ್ಟುವುದಿಲ್ಲ.
ಇಳಿದ ಘಾಟಿಯೇ ಹತ್ತುವಾಗಿನ ತಂಪು.

ಹಾಳೆಗಳು ಹೇಳುತ್ತವೆ:
ಚಕ್ರದಿಂದ ಓಡುವ ಕಂಪ್ರೆಸರು ಜರ್ಮನಿಯ ಕಾಗದದಲ್ಲಿದೆ,
ಉಪ್ಪುನೀರು ಜಪಾನಿನದರಲ್ಲಿ,
ಎರಡನ್ನೂ ಕೂಡಿಸುವುದು ಈ ಕಸುಬಿನ ನಿಪುಣನಿಗೆ...

ಅಲ್ಲಿ ನಿಂತೆ. ಹದಿನಾಲ್ಕನೇ ಪ್ಯಾರಾ.
ಆ ಒಂದು ಇಂಗ್ಲಿಷ್ ಪದಕ್ಕೆ ನಿಘಂಟು ಕೊಟ್ಟದ್ದು
ಸುಸ್ಪಷ್ಟ, ಸ್ವಯಂವೇದ್ಯ, ನಿಚ್ಚಳ.
ಮೂರಕ್ಕೂ ತಲೆಯಾಡಿಸಿದ, ಒಂದೂ ಇಳಿಯಲಿಲ್ಲ.
"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರಲ್ಲ," ಅಂದೆ,
"ಅದು."

ಅವನು ಅಂಗೈ ನೋಡಿಕೊಂಡ.
ಕಿರುಬೆರಳಿನಿಂದ ಮಣಿಕಟ್ಟಿನವರೆಗೆ
ಬೆಳ್ಳಗೆ ಸುಕ್ಕಾದ ಚರ್ಮ.
"ಬೆಂಕಿ ಅಲ್ಲಕ್ಕ ಇದು. ಗ್ಯಾಸು.
ತಣ್ಣಗೇ ಸುಡುತ್ತೆ."

ಆಮೇಲೆ ಕೇಳಿದ, "ಆ ನಿಪುಣ ಯಾರು?
ನಮ್ಮ ಇಂಡಸ್ಟ್ರಿಯಲ್ ಏರಿಯಾದವನಾ?"
ಅಲ್ಲ, ಕಾನೂನು ಹುಟ್ಟಿಸಿದವನು.
ಲೋಕದ ಕಾಗದವೆಲ್ಲ ಓದಿದ್ದಾನೆ,
ತಾನಾಗಿ ಏನೂ ಹೊಳೆಯುವುದಿಲ್ಲ ಅವನಿಗೆ.
ಹಸಿವಿಲ್ಲ. ಶೆಡ್ಡಿನ ಬಾಡಿಗೆ ಬಾಕಿಯಿಲ್ಲ.

"ಏಳು ವರ್ಷ ಎಲ್ಲಿದ್ದ?
ದೋಣಿಗಾಲಿನಲ್ಲಿ ಎರಡು ಕ್ವಿಂಟಲ್ ಬೂತಾಯಿ
ಟಾರ್ಚು ಹಿಡಿದು ಹಳ್ಳಕ್ಕೆ ಸುರಿದೆನಲ್ಲ,
ಆವತ್ತೊಂದು ಫೋನ್ ಮಾಡಬಹುದಿತ್ತು."

ನಗು ಬಂತು. ಅವನ ಮುಖ ನೋಡಿ ನುಂಗಿದೆ.

ಬೆಂಗಳೂರಿನ ವಕೀಲರಿಗೆ ಅಫಿಡವಿಟ್ಟು ಬೇಕಂತೆ.
ಅವನು ಹೇಳುತ್ತ ಹೋದ, ನಾನು ಬಡಿಯುತ್ತ ಹೋದೆ.
ಎಷ್ಟು ವ್ಯಾನು, ಎಷ್ಟು ಸಲ ಪೈಪು ಒಡೆದದ್ದು,
ಹೆಂಡತಿ ನಸೀಬಾಳ ಬಳೆ ಯಾವ ಬ್ಯಾಂಕಿನಲ್ಲಿದೆ.
"ಅದು ಬೇಡ ಬಿಡಿ," ಅಂದ. ಅಳಿಸಿದೆ.
"ಕೆಲಸ ಕಲಿಯೋ ಹುಡುಗ ನೋಡಿ,
ಅಷ್ಟೇನಾ ಭಾಯ್, ಅಂದ ಅಕ್ಕ. ಅಷ್ಟೇನಾ!
ಕೈಲಿದ್ದ ಸ್ಪ್ಯಾನರು ಎಸೀಬೇಕು ಅನ್ನಿಸ್ತು."

ಕೊನೆಗೊಂದು ಸಾಲು ಹಾಕಿಸಿದ:
ಕಂಡ ಮೇಲೆ ಕಾಣುವುದು ಬೇರೆ,
ಕಾಣುವ ಮೊದಲು ಕತ್ತಲು ಎಲ್ಲರಿಗೂ ಒಂದೇ.
ವಕೀಲರು ಹೊಡೆದು ಹಾಕುತ್ತಾರೆ, ಗೊತ್ತು.
ಇರಲಿ ಅಂತ ಬಿಟ್ಟೆ.

ಅವನು ಚಕ್ರ, ಉಪ್ಪುನೀರು ಅಂತ
ಪೆನ್ನಿನಲ್ಲಿ ಗೀಚಿ ವಿವರಿಸಿದಾಗ
ನನ್ನೊಳಗೂ ಒಂದು ದನಿ ಅಂದಿತ್ತು,
ಅಯ್ಯೋ, ಇಷ್ಟೇನಾ.
ಅದನ್ನು ಟೈಪು ಮಾಡಲಿಲ್ಲ.

ಎರಡೂವರೆ ಗಂಟೆ ಬಿಸಿಲಿನಲ್ಲಿ ನಿಂತ ವ್ಯಾನು
ಬಿ.ಎಂ. ರಸ್ತೆಯ ಕಡೆ ಹೊರಳಿತು.
ಹೋಗಿ ನೋಡಿದೆ.
ನಿಂತಿದ್ದ ಜಾಗದಲ್ಲಿ
ಟಾರು ಒಣಗಿಯೇ ಇತ್ತು.