ಎಣಿಕೆಗೆ ಸಿಗದವು

ಐಸಿನ ಡಬ್ಬಿ ಗಾಡಿಯ ಹಿಂದೆ ಕಟ್ಟಿಕೊಂಡು
ಮೈದನಹಳ್ಳಿ ಕಾವಲಿಗೆ ಬಂದಾಗ ಇನ್ನೂ ನಸುಕು.
ವಾಚರ್ ದಾದಾಪೀರ್ ಸುಮ್ಮನೆ ಕೈ ತೋರಿಸಿದ:
ಜಾಲಿಯ ಬುಡದಲ್ಲಿ ಒಂದು ಹೆಣ್ಣು ಕೃಷ್ಣಮೃಗ,
ಕಣ್ಣು ತೆರೆದೇ ಇತ್ತು. ಕತ್ತಿನ ಕೆಳಗೆ
ಕಡಲೆಕಾಳಿನಂಥ ಗಂಟು. ನೊಣ ಆಗಲೇ
ಕೆಲಸಕ್ಕೆ ಹತ್ತಿದ್ದವು.

ಚೂರು ಚರ್ಮ ಸೀಸೆಗೆ ಹಾಕಿ, ಹೆಸರಿನ ಜಾಗದಲ್ಲಿ
ಏನು ಬರೆಯಲಿ ಎಂದು ಪೆನ್ನು ನಿಂತಿತು.
ದನಕ್ಕಾದರೆ ಕಿವಿಯಲ್ಲಿ ಹಳದಿ ಬಿಲ್ಲೆ, ಹನ್ನೆರಡು ಅಂಕಿ,
ಯಜಮಾನನ ಹೆಸರು, ಫೋನ್ ನಂಬರು.
'ಕಾವಲು' ಎಂದಷ್ಟೇ ಬರೆದೆ.

ಗಂಟು ರೋಗ ನಡೆದು ಬರುವುದಿಲ್ಲ.
ನೊಣದ ಮೂತಿಯಲ್ಲಿ, ಸೊಳ್ಳೆಯ ಸೊಂಡಿಲಲ್ಲಿ
ಟಿಕೆಟ್ಟಿಲ್ಲದೆ ಬರುತ್ತದೆ.
ಬೇಲಿ ಎಂದರೆ ಅವಕ್ಕೆ
ಕೂತು ರೆಕ್ಕೆ ಒರೆಸಿಕೊಳ್ಳುವ ತಂತಿ.
ಹಗಲು ದನ ಕುಡಿದ ತೊಟ್ಟಿಯಲ್ಲೇ
ಇರುಳು ಜಿಂಕೆ ಕುಡಿಯುತ್ತದೆ.

ಮೂರು ದಿನ, ಸುತ್ತಲ ಆರು ಊರು.
ಕಿಲಾರಿ ಚಿತ್ತಯ್ಯನ ರೊಪ್ಪದ ಮುಂದೆ ಮಾತ್ರ ಸೂಜಿ ನಿಂತಿತು.
"ದೇವರ ದನ ಕಣಮ್ಮ. ಇವಕ್ಕೆ ಬಾರುಕೋಲೇ ಮುಟ್ಟಿಸಲ್ಲ,
ಇನ್ನು ಸೂಜಿ ಚುಚ್ಚಿಸ್ತೀನಾ?
ಬೇವಿನ ಹೊಗೆ ಹಾಕ್ತೀನಿ, ಸಗಣಿ ದಿನಾ ಬಾಚ್ತೀನಿ,
ತೊಟ್ಟಿ ಸುತ್ತ ಕೆಸರು ನಿಲ್ಲಕ್ಕೆ ಬಿಡಲ್ಲ. ಸಾಲ್ದಾ?"

ಸಾಲದು ಎನ್ನಲು ಬಾಯಿ ಬರಲಿಲ್ಲ.
ಇಲಾಖೆಯ ಕರಪತ್ರದಲ್ಲೂ ಅರ್ಧ ಅದೇ ಇದೆ.

ಕೊನೆಗೆ ಅವನೇ ಕೇಳಿದ, ಕಾವಲಿನ ಕಡೆ ಗದ್ದ ಎತ್ತಿ:
"ಅವಕ್ಕೆ ಯಾರು ಚುಚ್ತಾರೆ?"
"ಯಾರೂ ಇಲ್ಲ. ಹಿಡಿಯಲು ಹೋದರೆ
ಗಾಬರಿಗೇ ಎದೆಯೊಡೆದು ಸಾಯುತ್ತವೆ.
ಅವುಗಳ ಲಸಿಕೆ ನಿಮ್ಮ ದನದ ಮೈಯಲ್ಲೇ ಇರಬೇಕು."

ಬಹಳ ಹೊತ್ತು ಬೀಡಿಯನ್ನು ಹಚ್ಚದೆ ತಿರುಗಿಸುತ್ತಿದ್ದ.
"ಚಪ್ಪಲಿ ಬಿಟ್ಟು ಒಳಗೆ ಬಾ."

ಬಿಟ್ಟೆ. ಮೂರನೇ ಹೆಜ್ಜೆಗೆ ಕಾರೆಮುಳ್ಳು
ಹಿಮ್ಮಡಿಯೊಳಗೆ ಸರಕ್ಕನೆ.
ಚಿತ್ತಯ್ಯ ಹಲ್ಲಿಲ್ಲದ ಬಾಯಿ ತೆರೆದು ನಕ್ಕ:
"ಮೊದಲು ನಿಂಗೇ ಚುಚ್ತು ನೋಡು. ಈಗ ಸರಿಹೋಯ್ತು,
ಗೂಳಿಯಿಂದ ಶುರು ಮಾಡು."

ನಲವತ್ತೊಂದು. ಒಂದೊಂದರ ಕಿವಿಯಲ್ಲೂ ಅದರ ಹೆಸರು ಹೇಳಿ
ತಪ್ಪಾಯ್ತು ಎನ್ನುತ್ತಿದ್ದ ಅವನು;
ಕುತ್ತಿಗೆಯ ಚರ್ಮ ಎತ್ತಿ ಚುಚ್ಚುತ್ತಿದ್ದೆ ನಾನು.
ದನಕ್ಕೊಂದು ಹೊಸ ಸೂಜಿ.
ಹಳೆಯದನ್ನೇ ಬಳಸಿದರೆ ನಾನೂ ಒಂದು ನೊಣವೇ ತಾನೆ.

ಬಿಲ್ಲೆ ಮಾತ್ರ ಹಾಕಿಸಲಿಲ್ಲ.
ರಿಜಿಸ್ಟರಿನಲ್ಲಿ ಅಂಕಿಯ ಕಾಲಂ ಖಾಲಿ ಬಿದ್ದಿದೆ.
ಡಾಕ್ಟರು ಬೈಯುತ್ತಾರೆ, ಬೈಯಲಿ.

ಕಡೆಯ ಸೀಸೆಯಲ್ಲಿ ನಾಲ್ಕಕ್ಕಾಗುವಷ್ಟು ಉಳಿಯಿತು.
ಕಲಸಿದ ಮೇಲೆ ಎರಡೇ ಗಂಟೆ ಅದರ ಆಯುಷ್ಯ.
ಗುಂಡಿ ತೋಡಿ, ಸುಣ್ಣ ಹಾಕಿ, ಸುರಿಯುವಾಗ
ಬೇಲಿಯಾಚೆ, ಮೊಣಕಾಲೆತ್ತರದ ಕರಡದಲ್ಲಿ
ಕೊಂಬು ತಿರುಚಿದ ಗಂಡೊಂದು ನನ್ನನ್ನೇ ನೋಡುತ್ತಿತ್ತು.
ಕಾಲು ಕದಲಿಸಲಿಲ್ಲ. ಕಿವಿ ಮಾತ್ರ
ಒಂದೇ ಸಮ ಅದುರುತ್ತಿತ್ತು,
ಬಿಲ್ಲೆಯಿಲ್ಲದ ಕಿವಿ,
ಯಾವುದನ್ನೋ ಓಡಿಸುತ್ತಾ.