ಅಳತೆ ಪುಸ್ತಕ

ನಮ್ಮ ದೇಶ ತನ್ನ ಜನರನ್ನು ಕೊನೆಯ ಸಲ ಎಣಿಸಿದ್ದು
ಮೂವತ್ತೆರಡನೇ ಇಸವಿಯಲ್ಲಿ.
ಮತ್ತೆ ಎಣಿಸಿದರೆ
ಯಾರ ಕುರ್ಚಿ ಯಾರ ಪಾಲಾಗುವುದೋ ಎಂಬ ಅಂಜಿಕೆ.
ಒಂದು ಬೆಟ್ಟ, ಒಂದು ಕಡಲು, ಹದಿನೆಂಟು ಪಂಥ,
ಸತ್ತವರ ತಲೆ ಎಣಿಸಿ ಇದ್ದವರನ್ನು ಆಳುವ ಸರಕಾರ.

ಅಪ್ಪ ಮಾತ್ರ ಎಣಿಸುತ್ತಿದ್ದ, ಕಿಟಕಿಗಳನ್ನು.

ಯೆರ್ವಾಂತ್, ಬುರ್ಜ್ ಹಮ್ಮೂದಿನ ಗಾಜಿನವನು.
ಕಿವಿಯ ಮೇಲೆ ಪೆನ್ಸಿಲು, ಜೇಬಲ್ಲಿ ವಜ್ರದ ಮೊನೆ,
ನೀಲಿ ರಟ್ಟಿನ ಪುಸ್ತಕ.
ಹೆಸರು ಬರೆಯುತ್ತಿರಲಿಲ್ಲ; ಹೆಸರು ಬರೆದರೆ
ಹಿಂದೆಯೇ ದೇವರೂ ಬಂದುಬಿಡುತ್ತಾನೆ.
ಮೂರನೇ ಮಹಡಿ, ಏಲಕ್ಕಿ ಕಾಫಿ, ಅರವತ್ತು ನಲವತ್ತು.
ಕುಂಟು ಬೆಕ್ಕಿನ ಮನೆ, ಅಡುಗೆಕೋಣೆ, ಎರಡು ಹೋಳು.
ಬಾಕಿ ಕೊಡದ ಡಾಕ್ಟರು.

ಎಪ್ಪತ್ತೈದರ ಚಳಿಗೆ ಗುರುತಿನ ಚೀಟಿ ನೋಡಿ ಕೊಲ್ಲತೊಡಗಿದರು.
ಚೀಟಿಯಲ್ಲೊಂದು ಸಾಲು, ಪಂಥ ಎಂದು.
ಅದನ್ನು ಓದುವಷ್ಟು ಅಕ್ಷರ
ಬಂದೂಕು ಹಿಡಿದ ಎಲ್ಲ ಹುಡುಗರಿಗೂ ಬರುತ್ತಿತ್ತು.

ಅಪ್ಪನ ಕೈಯಾಳು ದಿಯಾಬ್, ಶಿಬಿರದ ಪ್ಯಾಲೆಸ್ತೀನಿ ಹುಡುಗ,
ಆಟಕ್ಕುಂಟು ಲೆಕ್ಕಕ್ಕಿಲ್ಲ.
ಅವನಿಗೆ ತೋರಿಸಿದ್ದು ಟೊಮೆಟೊ.
ಏನಿದು, ಹೇಳು.
ಬನದೂರ ಅಂದರೆ ಇಲ್ಲಿಯವ.
ಬಂದೋರ ಅಂದರೆ ಬಂದವ.
ಬೆನ್ನಿಗೆ ಮೂರು ಗಾಜು ಕಟ್ಟಿಕೊಂಡಿದ್ದ;
ಹಿಂದೆ ನಾನು, ಒಂಬತ್ತು ವರ್ಷದವಳು, ಪುಟ್ಟಿಯ ಡಬ್ಬ ಹಿಡಿದು.
ಬಾಯಿ ತೆರೆದ.
ಒಂದು ಸ್ವರ ಕಡಿಮೆ ಬಿತ್ತು.

ಗಾಜು ಒಡೆಯಲಿಲ್ಲ.
ಅವನನ್ನು ಕರೆದೊಯ್ಯುವ ಮೊದಲು ಬಿಚ್ಚಿ
ಗೋಡೆಗೆ ಆನಿಸಿಟ್ಟರು, ಜೋಪಾನವಾಗಿ.

ಬೇಸಿಗೆಗೆ ನಮ್ಮ ಅಂಗಡಿಗೇ ಬಂದರು.
ಯಾವ ಮನೆಯಲ್ಲಿ ಯಾರಿದ್ದಾರೆ, ಗಾಜಿನವನಿಗೆ ಗೊತ್ತಿರುತ್ತದೆ.
ಪುಸ್ತಕ ಕೇಳಿದರು. ಅಪ್ಪ ಕೊಟ್ಟ.
ಪುಟ ಮಗುಚಿದರು: ಏಲಕ್ಕಿ, ಬೆಕ್ಕು, ಅರವತ್ತು ನಲವತ್ತು.
ಇದರಲ್ಲಿ ಶಿಲುಬೆ ಯಾವುದು, ನಮಾಜು ಯಾವುದು, ಎಂದು ಗದರಿ
ಮುಖಕ್ಕೆ ಬಿಸಾಕಿ ಹೋದರು.
ಏಲಕ್ಕಿ ಕಾಫಿಯ ನಝ್ಮಿಯೆ ಆ ಹೊತ್ತು
ನಮ್ಮ ಮಂಚದ ಕೆಳಗೆ
ಬೆರಳು ಕಚ್ಚಿ ಮಲಗಿದ್ದಳು.
ಕಚ್ಚಿದ ಗುರುತು ಬಹಳ ದಿನ ಇತ್ತು.

ಎಂಬತ್ತೆರಡರಲ್ಲಿ ದಕ್ಷಿಣದ ವಿಮಾನ.
ಎಂಬತ್ತೊಂಬತ್ತರಲ್ಲಿ ನಮ್ಮವರದೇ ಫಿರಂಗಿ.
ತೊಂಬತ್ತಕ್ಕೆ ಮುಗಿಯಿತು ಎಂದರು:
ಕೊಂದವರಿಗೆ ಕ್ಷಮೆ,
ಕಾಣೆಯಾದವರ ತಾಯಂದಿರಿಗೆ ಒಂದು ಅರ್ಜಿ ನಮೂನೆ.
ಡಾಕ್ಟರ ಕಿಟಕಿ ಪುಸ್ತಕದಲ್ಲಿ ಆರು ಸಲ,
ಪ್ರತಿ ಸಲವೂ ಅರ್ಧ ಸೆಂಟಿಮೀಟರು ಕಿರಿದು.
ಹಳೆಯ ಪುಟ್ಟಿ ಪೂರಾ ಕೆರೆಯುವಷ್ಟು
ಪುರುಸೊತ್ತು ಯಾರಿಗಿತ್ತು?

ಎರಡು ಸಾವಿರದ ಇಪ್ಪತ್ತು, ಆಗಸ್ಟಿನ ಸಂಜೆ
ಬಂದರು ಸಿಡಿದು
ಊರ ಗಾಜೆಲ್ಲ ಒಂದೇ ಏಟಿಗೆ ಬಿತ್ತು, ಯಾರ ಪಂಥವನ್ನೂ ಕೇಳದೆ.
ಎಂಬತ್ತಾರರ ಅಪ್ಪ ಹಾಸಿಗೆಯಿಂದಲೇ, ಬರೆದುಕೋ, ಅಂದ.
ಟೇಪು ಹಿಡಿದು ಬೀದಿಗಿಳಿದೆ.
ಕಾಲ ಕೆಳಗೆ ಕರಕರ. ಯಾವ ಚೌಕಟ್ಟಿನ ಮೂಲೆಯೂ
ಮೂಲೆಯಾಗಿ ಉಳಿದಿರಲಿಲ್ಲ.
ಅಳತೆ ಬರೆದೆ, ಗಾಜು ಎಲ್ಲಿಂದ ತರುವುದೋ ತಿಳಿಯದೆ.

ಡಾಕ್ಟರ ಮೊಮ್ಮಗಳು ಮೆಟ್ಟಿಲಲ್ಲಿ ತಡೆದು
ಅಜ್ಜನ ಬಾಕಿ ತೀರಿಸಿದಳು, ಆರು ಕಿಟಕಿಯದೂ, ಒಂದು ಕಟ್ಟು ಲಿರಾ.
ಅದಕ್ಕೆ ಈಗ ಬರುವುದು ಅರ್ಧ ಕಿಲೊ ಟೊಮೆಟೊ.

ಕೊಂಡೆ.
ಎಂದಿನಂತೆ ಬೆರಳು ತೋರಿಸಿ,
ಹೆಸರು ಹೇಳದೆ.